ಆಟದ ದೋಣಿಗೆ ದಡ ಬರಲಿಲ್ಲ

ಕಡಲಿನ ಊರಿಗೆ ಬಂದ ನಾನು ಮೊದಲು ಕಂಡ ಕಡಲು ಟಿವಿ ಪೆಟ್ಟಿಗೆಯೊಳಗಿನದು. ನೀಲಿ ಪಟ್ಟಿ, ಅದರ ಮೇಲೆ ಬೆಂಕಿಕಡ್ಡಿಯಂಥ ದೋಣಿ. ಗುಂಡಿ ಒತ್ತಿದರೆ ಓಡುತ್ತಿತ್ತು. ನಿಜವಾದ ಕಡಲು ಹತ್ತಿರದಲ್ಲೇ ಇತ್ತಂತೆ. ನಾವು ಬೀದಿಬಾಗಿಲು ತೆರೆಯುವ ಹಾಗಿರಲಿಲ್ಲ.

ಮಂಗಳೂರಿನ ಹೋಟೆಲ್ ಧಣಿಯೊಬ್ಬರು ಮೀನುಗಾರರ ಕಥೆಯ ಸಿನೆಮಾ ತೆಗೆಯುತ್ತಿದ್ದರು. ಅದೇ ಕಥೆಯ ವಿಡಿಯೋ ಗೇಮ್ ಮಾಡಿಸಿ ಹೋಟೆಲಿನಲ್ಲಿಡುವ ಹುಮ್ಮಸ್ಸು ಅವರಿಗೆ. ಗದಗಿನಲ್ಲಿ ರೇಡಿಯೋ ರಿಪೇರಿ ಮಾಡುತ್ತ ಕಂಪ್ಯೂಟರ್ ಕಲಿತಿದ್ದ ನಮ್ಮವರನ್ನು ಕರೆಸಿ, ಅಲ್ಲೇ ಜೆಪ್ಪು ಎಂಬಲ್ಲಿ ಒಂದು ಕೋಣೆ ಕೊಟ್ಟರು. ಸಿನೆಮಾ ಬರುವ ತನಕ ಗುಟ್ಟು ಬಿಟ್ಟುಕೊಡಬಾರದೆಂದು ಬಾಗಿಲಿಗೆ ಅಗಳಿ, ಕಿಟಕಿಗೂ ಪರದೆ. "ಆಟ ಮುಗೀತಂದ್ರ ಊರಿಗೆ ಹೋಗೂಣು" ಎಂದಿದ್ದರು ಇವರು. ಆ ಮಾತನ್ನೇ ಹಿಡಿದುಕೊಂಡು ಕೂತೆ.

ಊರಲ್ಲಿ ಒಣಹಾಕಿದ ಸೀರೆ ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಒಣಗುತ್ತದೆ. ಇಲ್ಲಿ ಒದ್ದೆ ಸೀರೆಯ ಕೆಳಗೇ ನಾವು ಮಲಗಿದೆವು. ತಂದ ಜೋಳದ ಹಿಟ್ಟಿಗೆ ಬೂಷ್ಟು ಹಿಡಿಯಿತು. ಕುಚ್ಚಲಕ್ಕಿ ಗಂಜಿ ಗಂಟಲಿಳಿಯಲಿಲ್ಲ. ಆದರೂ ಶಿವ ದೊಡ್ಡವನು: ಹಿತ್ತಿಲಲ್ಲೇ ಬಾವಿ ಇತ್ತು, ಬಾವಿಕಟ್ಟೆಗೆ ಪಕ್ಕದ ಮನೆಯ ಕಮಲಕ್ಕ ಬರುತ್ತಿದ್ದಳು. ಅವಳ ಗಂಡ ಮೀನಿನ ಬೋಟಿನಲ್ಲಿ. "ವಣಸ್ ಆಂಡಾ?" ಎಂದು ದಿನಾ ಕೇಳುವಳು, ಊಟ ಆಯಿತೇ ಎಂದು. ನನಗೆ ಬಂದ ಮೊದಲ ತುಳು ಅದು.

ಒಂದು ದಿನ, "ಎಂತ ಅಕ್ಕ, ಹಗಲೇ ಬಾಗಿಲು ಹಾಕಿಕೊಂಡು? ಒಳಗೆ ನಿಧಿ ಉಂಟಾ?" ಎನ್ನುತ್ತ ನುಗ್ಗಿಯೇಬಿಟ್ಟಳು. ಟಿವಿಯ ದೋಣಿ ಕಂಡು ನಕ್ಕಳು. ಅಷ್ಟರಲ್ಲಿ ಅಲೆ ಬಡಿದು ಅದು ಮುಳುಗಿತು.

"ಅಯ್ಯೋ, ಒಳಗಿದ್ದವ?"

"ಮತ್ತ ಬರ್ತಾನ್ರಿ. ಅವಗ ಮೂರು ಜೀವ ಅದಾವ" ಎಂದರು ಇವರು.

"ನಮ್ಮ ಇವರಿಗೆ ಒಂದೇ ಉಂಟು" ಎಂದು ಎದ್ದು ಹೋದಳು. ಆಮೇಲೆ ಬಾವಿಕಟ್ಟೆಯಲ್ಲಿ ಕಂಡರೂ ಮಾತಿಲ್ಲ.

ನಾನು ಇವರಿಗೆ ಅಂದೆ, "ಮೊದಲು ದಡ ಮಾಡ್ರಿ. ಒಂದು ದೋಣಿಯಾದರೂ ಮುಟ್ಟಲಿ."

"ದಡ ಕಡೀಕ. ಸಿನೆಮಾದಾಗೂ ಹಂಗ ಐತಿ."

ಸಿನೆಮಾ ಬಂತು, ವಾರದೊಳಗೆ ಥಿಯೇಟರಿನಿಂದ ಹೋಯಿತು. ಧಣಿಗಳು ಬಂದು, "ಸಾಕು ಮಾರಾಯ್ರೇ, ಇನ್ನು ಆ ಆಟ ಯಾರಿಗೆ? ರೂಮಿನಲ್ಲೇ ಇರಿ, ಹೋಟೆಲಿನ ಟಿವಿಗಳನ್ನೆಲ್ಲ ನೋಡಿಕೊಳ್ಳಿ" ಎಂದು ಕಂಪ್ಯೂಟರನ್ನೂ ಟಿವಿಯನ್ನೂ ರಿಕ್ಷಾಕ್ಕೆ ಹಾಕಿಸಿದರು.

"ಈಗ ಊರಿಗೆ?" ಎಂದೆ. ಇವರು ಗೋಡೆ ನೋಡಿದರು. "ವಿಡಿಯೋ ಗೇಮ್ ಮಾಡಾಕ ಹೊಂಟೀನಿ ಅಂತ ಓಣಿಗೆಲ್ಲ ಹೇಳಿ ಬಂದೀನಿ. ಯಾವ ಮುಖ ಹೊತ್ತು ಹೋಗ್ಲಿ?"

ಮುಗಿದರೆ ಹೋಗಬಹುದಿತ್ತು. ನಿಂತುಹೋಯಿತು, ನಾವೂ ನಿಂತೆವು. ಒಂದೇ ಪುಣ್ಯ, ಪರದೆ ತೆಗೆದೆ, ಬಾಗಿಲು ತೆರೆದಿಟ್ಟೆ.

ತೆರೆದ ಬಾಗಿಲು ಕಂಡು ಕಮಲಕ್ಕ ಬಂದಳು. ದೋಣಿ ಮುಳುಗುವ ಆ ಪೆಟ್ಟಿಗೆ ಹೋಯಿತೇ ಎಂದು ಮೂಲೆ ಮೂಲೆ ನೋಡಿ, "ನಮ್ಮ ಇವರು ಇವತ್ತು ಕಡಲಿನಿಂದ ಬರುದು. ಬನ್ನಿ ಅಕ್ಕ, ನನಗೆ ಒಬ್ಬಳೇ ನಿಲ್ಲಲಿಕ್ಕೆ ಆಗುದಿಲ್ಲ" ಎಂದಳು. ದೋಣಿಗಳು ಬಂದು ನಿಲ್ಲುವ ದಕ್ಕೆಗೆ ಕರೆದೊಯ್ದಳು. ಮೋಡ ಕಪ್ಪಾಗಿತ್ತು, ಗಾಳಿ ಏಳುತ್ತಿತ್ತು. ಅವಳು ನನ್ನ ಕೈ ಬಿಡಲಿಲ್ಲ, ಬೋಟು ಕಂಡ ಮೇಲೆಯೂ.

ನಮ್ಮ ಒಣ ಊರಿಗೆ ಮಳೆ ಕೊಡಪ್ಪಾ ಎಂದು ದಿನವೂ ಕೈಮುಗಿಯುತ್ತಿದ್ದವಳು ನಾನು. ಈಗಲೂ ಕೈಮುಗಿಯುತ್ತೇನೆ. ಆದರೆ ಆ ಮಳೆ ಕಡಲು ದಾಟಿಯೇ ಬರಬೇಕಲ್ಲ ಎಂದು ನಡುವೆ ನಿಲ್ಲಿಸಿ ಬಾವಿಕಟ್ಟೆಯ ಕಡೆ ಕೂಗುತ್ತೇನೆ: "ಕಮಲಕ್ಕಾ, ಅವರು ಬಂದ್ರಾ?" ಬಂದರು ಎಂದರೆ ಮಾತ್ರ ಪ್ರಾರ್ಥನೆ ಮುಗಿಸುತ್ತೇನೆ.