ಅಮ್ಮಿಯ ಬೆನ್ನು, ನನ್ನ ಕಾಲು

ಕೆಮ್ಮುತ್ತ ಕೂತಿದ್ದ ಅಮ್ಮಿ ಒಮ್ಮೆಲೇ ಸುಮ್ಮನಾದಳು. ಕೆಮ್ಮು ಇನ್ನೂ ಗಂಟಲಲ್ಲೇ ಇತ್ತು, ಕೆಮ್ಮಲು ಹೆದರಿದ್ದಳು. ಎರಡೂ ಕೈಯಿಂದ ಮಂಚದ ಅಂಚು ಹಿಡಿದು, ಬೆನ್ನಿನ ನಡುವೆ ಏನೋ ಕಟಕ್ ಎಂದಿತು ಎಂದಳು. ನಾನು ಪಾಠ ಮಾಡುವ ಶಾಲೆಗೆ ಹೊರಟಿದ್ದೆ. ಮೇಡ್ಲೇರಿಯ ಬಸ್ಸು ತಪ್ಪುತ್ತದೆ ಎಂಬ ಅವಸರ. ಕೆಮ್ಮಿ ಕೆಮ್ಮಿ ಹಿಡಿದುಕೊಂಡಿರಬೇಕು, ಬಿಸಿನೀರಿನ ಚೀಲ ಇಟ್ಟುಕೋ ಎಂದು ಹೇಳಿ ಚಪ್ಪಲಿ ಮೆಟ್ಟಿದೆ.

ಇದು ಎರಡು ವರ್ಷದ ಹಿಂದಿನ ಮಾತು. ಆ ಬೆಳಗನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಬೇರೆಯವರ ಮೇಲಿನ ಸಿಟ್ಟೂ ಇದೆ, ಅದನ್ನೂ ಹೇಳುತ್ತೇನೆ.

ಅಮ್ಮಿ, ಎಂದರೆ ನನ್ನ ತಾಯಿ, ಬ್ಯಾಡಗಿಯಲ್ಲಿ ಮೂವತ್ತು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದವಳು. ಅಲ್ಲಿ ಕೆಮ್ಮನ್ನು ಯಾರೂ ರೋಗ ಎನ್ನುವುದಿಲ್ಲ. ಘಾಟಿನಲ್ಲಿ ಕೂತವರು ಕೆಮ್ಮಲೇಬೇಕು. ತೀರ ಉಸಿರು ಕಟ್ಟಿದರೆ ಔಷಧಿ ಅಂಗಡಿಯ ಸಣ್ಣ ಬಿಳಿ ಗುಳಿಗೆ. ಒಂದು ನುಂಗಿದರೆ ಸಂಜೆಯೊಳಗೆ ಎದೆ ಹಗುರ. ಅದು ಸ್ಟೆರಾಯ್ಡ್ ಎಂದು ಅಲ್ಲಿ ಕೂತ ಯಾವ ಹೆಂಗಸಿಗೂ ಗೊತ್ತಿರಲಿಲ್ಲ. ಎಲೆ ಅಡಿಕೆ ಹಂಚಿಕೊಂಡಂತೆ ಹಂಚಿಕೊಂಡು ನುಂಗುತ್ತಿದ್ದರು. ಕೊನೆಗೆ ಹಾವೇರಿಯ ಎದೆರೋಗದ ಡಾಕ್ಟರೊಬ್ಬರು ಅವಳ ರೋಗಕ್ಕೆ ಸಿಒಪಿಡಿ ಎಂದು ಹೆಸರು ಹೇಳಿದರು. ಶ್ವಾಸಕೋಶ ಸವೆದುಹೋಗಿದೆ, ವಾಸಿಯಾಗುವುದಿಲ್ಲ, ನೋಡಿಕೊಂಡು ಹೋಗಬೇಕು ಎಂದರು. ನಾನು ಅವಳನ್ನು ರಾಣೆಬೆನ್ನೂರಿನ ನನ್ನ ಮನೆಗೆ ಕರೆತಂದೆ. ಮನೆಯಲ್ಲಿ ನಾವಿಬ್ಬರೇ.

ಬೆನ್ನಿನಲ್ಲಿ ಕಟಕ್ ಎಂದ ದಿನದಿಂದ ಅವಳು ಪ್ರತಿ ತಿಂಗಳೂ ಆ ಡಾಕ್ಟರಿಗೆ ನೋವಿನ ಮಾತು ಹೇಳಿದಳು. ನಮ್ಮ ಮನೆಮಾತು ಉರ್ದು. ಆದರೆ ನೋವನ್ನು ಮಾತ್ರ ಅಮ್ಮಿ ಕನ್ನಡದಲ್ಲೇ ಹೇಳುತ್ತಾಳೆ. ಮೆಣಸಿನಕಾಯಿ ರಾಶಿಯ ಸುತ್ತ ಕೂತ ಗೆಳತಿಯರ ಜೊತೆ ಹೇಳಿ ಹೇಳಿ ಹಾಗೆ ರೂಢಿಯಾಗಿದೆ.

"ಬೆನ್ನ ಭಾಳ ನೋಯ್ತೈತ್ರಿ ಸಾಹೇಬ್ರ. ಉಸರ ಎಳದ್ರ ಇಲ್ಲಿ ಚುಚ್ಚತೈತಿ."

ಡಾಕ್ಟರು ರಕ್ತದ ಆಕ್ಸಿಜನ್ ಅಳೆಯಲು ಅವಳ ಬೆರಳಿಗೆ ಸಿಕ್ಕಿಸಿದ ಯಂತ್ರ ನೋಡುತ್ತಿದ್ದರು. ಸ್ಯಾಚುರೇಶನ್ ತೊಂಬತ್ಮೂರು, ಛಲೋ ಐತಿ ಎಂದರು. ನೋವಿಗೆ ಅವರ ಉತ್ತರ ಪ್ರತಿ ಸಲವೂ ಅದೇ, ಒಂದಕ್ಷರ ಆಚೀಚೆ ಇಲ್ಲ.

"ವಯಸ್ಸಾತಲ್ಲಜ್ಜಿ. ನೋವ ಇರೂದ. ಉಸರ ನೋಡ್ಕೋರಿ."

ಅಮ್ಮಿ ನನ್ನ ಮುಖ ನೋಡುತ್ತಿದ್ದಳು. ನಾನು ಡಾಕ್ಟರಿಗೆ ತಲೆಯಾಡಿಸುತ್ತಿದ್ದೆ. ಮಕ್ಕಳಿಗೆ ಪ್ರಶ್ನೆ ಕೇಳಿರಿ, ಪ್ರಶ್ನೆ ಕೇಳಿರಿ ಎಂದು ದಿನಾ ಹೇಳುವ ಕನ್ನಡ ಟೀಚರು ನಾನು. ಅಲ್ಲಿ ಮಾತ್ರ ಬಾಯಿಗೆ ಬೀಗ.

ಆ ನೋವು ಉಸಿರನ್ನೂ ತಿನ್ನುತ್ತಿತ್ತು. ನನಗದು ತಡವಾಗಿ ತಿಳಿಯಿತು. ಇನ್‌ಹೇಲರನ್ನು ಆಳವಾಗಿ ಎಳೆದು ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಎಳೆದರೆ ಬೆನ್ನು ಚುಚ್ಚುತ್ತದೆ. ಹೀಗಾಗಿ ಅವಳು ಗುಬ್ಬಿಯ ಹಾಗೆ ಚೂರು ಚೂರು ಉಸಿರಾಡುವುದನ್ನು ಕಲಿತಿದ್ದಳು. ಔಷಧಿ ಒಳಗೇ ಹೋಗುತ್ತಿರಲಿಲ್ಲ. ಜೋರಾಗಿ ಕೆಮ್ಮಲು ಆಗದೆ ಕಫ ಒಳಗೇ ಕಟ್ಟುತ್ತಿತ್ತು. ಹಾವೇರಿಗೆ ಹೋದರೆ, ಇನ್‌ಹೇಲರ್ ಸರಿಯಾಗಿ ತಗೊಳ್ಳುತ್ತಿಲ್ಲ ಎಂದು ಅವಳಿಗೇ ಬೈಗುಳ, ಜೊತೆಗೆ ಮತ್ತೊಂದು ವಾರದ ಸ್ಟೆರಾಯ್ಡ್. ವಾರ ಮುಗಿದ ಮೇಲೂ ಅವಳು ಬೇಡಿದಳೆಂದು ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಅದೇ ಗುಳಿಗೆ ತಂದವಳು ನಾನು. ಕಣ್ಣೆದುರೇ ಅವಳು ಕುಳ್ಳಗಾಗುತ್ತ ಹೋದಳು. ಸೀರೆಯ ನಿರಿಗೆ ನೆಲಕ್ಕೆ ಎಳೆಯತೊಡಗಿತು. ವಯಸ್ಸಾಯಿತು ಎಂದು ನಾನೂ ಅಂದುಕೊಂಡೆ.

ಈಗ ನನ್ನ ಕಾಲಿನ ವಿಷಯ.

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಕಾಲಿಟ್ಟರೆ ಬೆನ್ನಿನ ಚಳುಕು ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಹಿಂದೂ ಮುಸ್ಲಿಂ ಎಂಬ ಭೇದ ಇದಕ್ಕಿಲ್ಲ. ಚಿಕ್ಕವಳಿದ್ದಾಗ ಬ್ಯಾಡಗಿಯ ನಮ್ಮ ಓಣಿಯವರು ಮಾತ್ರವಲ್ಲ, ಕದರಮಂಡಲಗಿಯಿಂದಲೂ ಜನ ಟೆಂಪೋ ಹತ್ತಿ ಬರುತ್ತಿದ್ದರು. ಬೋರಲು ಮಲಗುತ್ತಿದ್ದರು. ಎಡಗಾಲಿನ ಹಿಮ್ಮಡಿಯಿಂದ ನೋವಿದ್ದ ಕಡೆ ಮೂರು ಸಲ ಒತ್ತಿ, ತಿರುಗಿ ನೋಡದೆ ಒಳಗೆ ಹೋಗಬೇಕು. ಅಷ್ಟೇ. ಎದ್ದವರು ಹಗುರಾಯಿತು ಎನ್ನುತ್ತಿದ್ದರು. ಬಿ.ಎಡ್. ಮುಗಿದ ಮೇಲೆ ನಾನದನ್ನು ಬಿಟ್ಟೆ. ಮೂಢನಂಬಿಕೆಯ ಮೇಲೆ ಪ್ರಬಂಧ ಬರೆಸುವವಳು ಕಾಲಿಡುವುದೆಂದರೆ ನಾಚಿಕೆ.

ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಭಾನುವಾರ, ಅಮ್ಮಿಯೇ ಬಾಯಿಬಿಟ್ಟು ಕೇಳಿದಳು. ಡಾಕ್ಟರ ಕೈಯಲ್ಲಂತೂ ಆಗಲಿಲ್ಲ, ಒಮ್ಮೆ ಕಾಲಿಡು ಎಂದಳು. ಎರಡು ವರ್ಷ ಕೇಳಿಸಿಕೊಂಡು ಏನೂ ಮಾಡದವಳು ನಾನು. ಇಷ್ಟಾದರೂ ಮಾಡೋಣ ಅನಿಸಿತು. ಬೋರಲು ಮಲಗಿದರೆ ಅವಳಿಗೆ ಉಸಿರಾಡಲು ಬರುವುದಿಲ್ಲ. ಕೌದಿಗಳನ್ನು ಒಟ್ಟಿ, ಅವುಗಳ ಮೇಲೆ ಬಾಗಿ ಕೂತಳು. ಇಲ್ಲಿ ಎಂದು ಬೆರಳಿಂದ ತೋರಿಸಿದಳು. ಒಮ್ಮೆ ಒತ್ತಿದೆ. ಎರಡನೆಯ ಸಲ, ಇನ್ನೊಂಚೂರು ಜೋರಾಗಿ ಎಂದಳು. ಒತ್ತಿದೆ.

ಕಟಕ್ ಎಂಬ ಆ ಸಪ್ಪಳ ಈ ಸಲ ನನಗೂ ಕೇಳಿಸಿತು.

ಅಮ್ಮಿ ಕೂಗಲಿಲ್ಲ. ಕೂಗುವಷ್ಟು ಉಸಿರು ಅವಳಲ್ಲಿರಲಿಲ್ಲ. ಕೌದಿಗೆ ಮುಖ ಒತ್ತಿ, ಮುಷ್ಟಿಯಿಂದ ನೆಲ ಗುದ್ದಿದಳು. ತುಟಿ ನೀಲಿಯಾಗತೊಡಗಿತು. ಪಕ್ಕದ ಮನೆಯವರ ಕಾರಿನಲ್ಲಿ ಊರಿನ ಮೂಳೆ ಡಾಕ್ಟರ ಆಸ್ಪತ್ರೆಗೆ ಕರೆದೊಯ್ದೆ. ಮೊದಲು ಆಕ್ಸಿಜನ್ ಹಚ್ಚಿದರು. ಡಾಕ್ಟರು ಕಿರಿಯ ವಯಸ್ಸಿನ ಹೆಣ್ಣುಮಗಳು. ಏನಾಯಿತು ಎಂದು ಕೇಳಿದಾಗ, ಮಾಸ್ಕಿನೊಳಗಿಂದ ಅಮ್ಮಿ ಹೇಳಿದಳು:

"ಬಚ್ಚಲದಾಗ ಜಾರಿ ಬಿದ್ದೇನ್ರಿ."

ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಡಾಕ್ಟರು ನನ್ನನ್ನು ಚೆನ್ನಾಗಿ ಝಾಡಿಸಿದರು. ಟೀಚರ್ ಆಗಿ ಇಂಥ ಕೆಲಸ ಮಾಡಿದಿರಲ್ಲ, ನಿಮ್ಮ ಮಕ್ಕಳಿಗೆ ಏನು ಕಲಿಸುತ್ತೀರಿ ಎಂದರು. ತಲೆ ತಗ್ಗಿಸಿ ಬೈಸಿಕೊಂಡೆ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಅವರು ಬೆನ್ನಿನ ಎಕ್ಸ್‌ರೇ ತೆಗೆಸಿದರು. ಪಕ್ಕಕ್ಕೆ ತಿರುಗಿಸಿ ತೆಗೆದದ್ದು. ದೀಪದ ಹಲಗೆಗೆ ಹಚ್ಚಿ, ಬೆನ್ನಿನ ಎರಡು ಮಣಿಗಳು ಚಪ್ಪಟೆಯಾದದ್ದನ್ನು ಪೆನ್ನಿನಿಂದ ತೋರಿಸಿದರು.

"ಇದು ಇವತ್ತಿಂದು. ಇದು ಹಳೇದು."

ಹಳೆಯದು.

ಎಷ್ಟು ಹಳೆಯದು ಎಂದು ಕೇಳಿದೆ. ವರ್ಷದ ಮೇಲಾಗಿರಬೇಕು, ಎರಡೂ ಆಗಿರಬಹುದು ಎಂದರು. ಬಹಳ ದಿನ ಸ್ಟೆರಾಯ್ಡ್ ತಗೊಂಡರೆ ಮೂಳೆ ಟೊಳ್ಳಾಗುತ್ತದಂತೆ. ಆಮೇಲೆ ಬರೇ ಕೆಮ್ಮಿದರೂ ಮುರಿಯಬಹುದಂತೆ. ಇಂಥ ಕಾಯಿಲೆಯವರಲ್ಲಿ ಅನೇಕರಿಗೆ ನೋವು ಇದ್ದೇ ಇರುತ್ತದೆ, ಹುಡುಕಬೇಕು ಎಂದರು. ಮಂಚದ ಅಂಚು ಹಿಡಿದು ಕೂತಿದ್ದ ಅಮ್ಮಿಯನ್ನು ಬಿಟ್ಟು ನಾನು ಬಸ್ಸಿಗೆ ಓಡಿದ್ದು ನೆನಪಾಯಿತು.

ಆಮೇಲೆ ಚೀಲದಿಂದ ಹಾವೇರಿಯ ಫೈಲು ತೆಗೆದೆ. ಅಮ್ಮಿ ಕಣ್ಣು ಮುಚ್ಚಿ ಮಲಗಿದ್ದಳು. ಹೊರಗಿನ ಬೆಂಚಿನ ಮೇಲೆ ಕೂತು, ಉತ್ತರ ಪತ್ರಿಕೆ ತಿದ್ದುವ ಹಾಗೆ ಒಂದೊಂದು ಹಾಳೆಯನ್ನೂ ಓದಿದೆ. ಏಳು ಎದೆಯ ಎಕ್ಸ್‌ರೇ. ಏಳೂ ಎದುರಿನಿಂದ ತೆಗೆದವು. ಒಮ್ಮೆ, ಒಂದೇ ಒಂದು ಸಲ, ಅವಳನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಲು ಯಾರಿಗೂ ತೋಚಿರಲಿಲ್ಲ. ಎರಡು ವರ್ಷದ ಹಾಳೆಗಳಲ್ಲಿ ಸ್ಯಾಚುರೇಶನ್ ಇತ್ತು, ನಾಡಿ ಇತ್ತು, ತೂಕ ಇತ್ತು. ನೋವು ಎಂಬ ಮಾತು ಕನ್ನಡದಲ್ಲೂ ಇರಲಿಲ್ಲ, ಇಂಗ್ಲಿಷಿನಲ್ಲೂ ಇರಲಿಲ್ಲ. ಅವಳು ಅಷ್ಟು ಸಲ ಹೇಳಿದ್ದು ಗಾಳಿಗೆ ಹೋಗಿತ್ತು. ಮೈಯೆಲ್ಲ ಉರಿಯಿತು. ಒಳಗೆ ಹೋಗಿ ಫೈಲನ್ನು ಡಾಕ್ಟರ ಮೇಜಿನ ಮೇಲೆ ಇಟ್ಟೆ.

"ನನ್ನ ಕಾಲಿಗೆ ಬೈದ್ರಿ, ಬೈಸ್ಕೊಂಡೆ. ಈ ಫೈಲಿಗೆ ಯಾರ ಬೈತಾರ್ರಿ ಮೇಡಂ?"

ಅವರು ಹಾಳೆ ತಿರುವಿ ನೋಡಿದರು. ಎದ್ದು ಅಮ್ಮಿಯ ಹತ್ತಿರ ಕುರ್ಚಿ ಎಳೆದುಕೊಂಡು, ಎಲ್ಲಿ ನೋಯುತ್ತದೆ, ಯಾವಾಗ ಜಾಸ್ತಿ, ಉಸಿರು ಎಳೆದರೋ ಬಿಟ್ಟರೋ ಎಂದು ಕೇಳಿ ಕೇಳಿ ಬರೆದುಕೊಂಡರು. ಅಮ್ಮಿ ಮಾಸ್ಕ್ ಸರಿಸಿ ಸರಿಸಿ ಹೇಳಿದಳು. ಅವರು ಅವಸರ ಮಾಡಲಿಲ್ಲ. ಆ ಹೆಣ್ಣುಮಗಳಿಗೆ ನಾನು ಋಣಿ.

ಸೊಂಟದ ಬೆಲ್ಟು ಬಂತು, ಕ್ಯಾಲ್ಸಿಯಂ ಬಂತು, ಮೂಳೆ ಗಟ್ಟಿಯಾಗಲು ಇಂಜೆಕ್ಷನ್ ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು. ನೋವಿನ ಮಾತ್ರೆಯನ್ನು ಅಳೆದು ಕೊಟ್ಟರು, ಜಾಸ್ತಿಯಾದರೆ ಉಸಿರಿಗೆ ತೊಂದರೆಯಂತೆ. ಎರಡು ವಾರದಲ್ಲಿ ಅವಳು ಇನ್‌ಹೇಲರನ್ನು ಆರು ಎಣಿಸುವವರೆಗೆ ಹಿಡಿಯತೊಡಗಿದಳು.

ನಾನು ರಜೆ ಹಾಕಿ ಒಬ್ಬಳೇ ಹಾವೇರಿಗೆ ಹೋದೆ. ಎಕ್ಸ್‌ರೇಯನ್ನು ಎದೆ ಡಾಕ್ಟರ ಮುಂದೆ ಹಿಡಿದೆ. ಹೊರಗೆ ಎಷ್ಟು ಜನ ಕೂತಿದ್ದಾರೆ ನೋಡಿರಿ, ಎಲ್ಲವನ್ನೂ ನಾನೊಬ್ಬನೇ ಹೇಗೆ ನೋಡಲಿ ಎಂದರು. ಖರೇ, ಹೊರಗೆ ಕಾಲಿಡಲು ಜಾಗವಿರಲಿಲ್ಲ. ಅವರು ಕೆಟ್ಟವರೇನಲ್ಲ. ಆದರೆ ಅವಳು ಕೈಯಿಂದ ಮುಟ್ಟಿ ತೋರಿಸಿದ್ದಳು, ಅವರು ಒಮ್ಮೆ ಕೈಯಿಟ್ಟು ನೋಡಬಹುದಿತ್ತು. ನನಗೆ ಅವರನ್ನು ಕ್ಷಮಿಸಲು ಆಗಿಲ್ಲ, ಆದಂತೆ ನಟಿಸುವುದೂ ಇಲ್ಲ. ಬೆನ್ನುನೋವು ಎಂದು ಫೈಲಿನಲ್ಲಿ ಬರೆಸಿಕೊಂಡೇ ಎದ್ದೆ.

ಮನೆಗೆ ಬಂದು ಸಿಟ್ಟನ್ನೆಲ್ಲ ಅಮ್ಮಿಯ ಮುಂದೆ ಕಾರಿದೆ. ನನ್ನ ಕಾಲು ಮುರಿದುಹೋಗಬಾರದಿತ್ತೇ ಎಂದೆ. ಅವಳು ನಕ್ಕಳು.

"ನೀ ಕಾಲ ಇಟ್ಟಿದ್ದಕ್ಕರೆ ಫೋಟೋ ತಗದ್ರು. ಇಲ್ಲಾಂದ್ರ ಅದೂ ಇಲ್ಲ."

ನನಗೆ ನಗು ಬರಲಿಲ್ಲ. ಎರಡು ವರ್ಷ ಯಾಕೆ ಸುಮ್ಮನಿದ್ದೆ, ಜಗಳ ಮಾಡಬೇಕಿತ್ತು ಎಂದು ಅವಳ ಮೇಲೇ ಹರಿಹಾಯ್ದೆ. ಅವಳ ನಗು ನಿಂತಿತು.

"ನಾ ಎಲ್ಲಿ ಸುಮ್ನಿದ್ದೆ? ಹೇಳಕೋತನ ಬಂದೇನಿ. ನೀವ್ಯಾರೂ ಕೇಳಲಿಲ್ಲ."

ನೀವು ಎಂದಳು. ಅದರಲ್ಲಿ ನಾನೂ ಇದ್ದೆ.

ಅವಳ ಶ್ವಾಸಕೋಶ ಹೊಸದಾಗುವುದಿಲ್ಲ. ಕುಸಿದ ಮಣಿಗಳು ಮೇಲೇಳುವುದಿಲ್ಲ. ನೋವು ಅರ್ಧ ಇಳಿದಿದೆ, ಉಳಿದರ್ಧ ಅವಳ ಜೊತೆಗೇ ಇರುತ್ತದಂತೆ. ಆದರೆ ಈಗ ಅವಳು ನೋವನ್ನು ದಿನವಿಡೀ ಹೇಳುತ್ತಾಳೆ. ಚಹಾ ಕುಡಿಯುವಾಗ ಹೇಳುತ್ತಾಳೆ, ಹಾಲಿನವನಿಗೂ ಹೇಳುತ್ತಾಳೆ. ಒಮ್ಮೊಮ್ಮೆ ನನಗೆ ಬೇಸರ ಬರುತ್ತದೆ, ಸುಳ್ಳೇಕೆ ಹೇಳಲಿ. ನಿನ್ನೆ ಬೆಳಿಗ್ಗೆ ಒಗ್ಗರಣೆಗೆ ಎಣ್ಣೆ ಇಟ್ಟು, ಅಡುಗೆಮನೆಯಿಂದಲೇ ನೋವು ಹೇಗಿದೆ ಎಂದು ಕೂಗಿ ಕೇಳಿದೆ. ಬಸ್ಸಿಗೆ ಇಪ್ಪತ್ತು ನಿಮಿಷ ಇತ್ತು.

"ಐತಿ," ಎಂದಳು. "ಬಾ, ಕುಂದ್ರು. ಹೇಳ್ತೇನಿ."

ಗ್ಯಾಸ್ ಆರಿಸಿ ಹೋಗಿ ಕೂತೆ.