ಕೈ ಊರದೆ ಏಳಬೇಕು

ವಾರಕ್ಕೊಮ್ಮೆ ಇದ್ದ ಒಂದೇ ಒಂದು ಪೀರಿಯಡ್ ಬಿಟ್ಟುಕೊಟ್ಟು, ದಿನಕ್ಕೆ ಹತ್ತು ನಿಮಿಷ ಕೊಂಡುಕೊಂಡವರು ನಮ್ಮ ಪಿ.ಟಿ. ಮೇಷ್ಟ್ರು ಚಂದ್ರಪ್ಪನವರು. ಗಾಂಧಿ ಬಜಾರಿನಲ್ಲಿ ಪಾತ್ರೆ ಅಂಗಡಿ ಇಟ್ಟು ಇಷ್ಟು ವರ್ಷವಾದರೂ ಅಂಥ ವ್ಯಾಪಾರ ನನ್ನಿಂದ ಆಗಿಲ್ಲ.

ಸಣ್ಣ ಆಳು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. ಕುತ್ತಿಗೆಯಲ್ಲಿ ಸೀಟಿ ಇದ್ದರೂ ಊದಿದ್ದು ಕಡಿಮೆ. ತ್ಯಾಗರಾಜನಗರದ ನಮ್ಮ ಹೈಸ್ಕೂಲಿನಲ್ಲಿ ಅವರ ಪರೀಕ್ಷೆ ಒಂದೇ: ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೈ ಊರದೆ ಏಳಬೇಕು. ಓಟದಲ್ಲಿ ಕಪ್ ತಂದವನೂ ಏಳಬೇಕು, ಮನೆಯಿಂದ ಚೀಟಿ ತಂದು ಮೂಲೆಯಲ್ಲಿ ಕೂರುತ್ತಿದ್ದ ನನ್ನಂಥ ದಪ್ಪನೂ ಏಳಬೇಕು.

"ಕಪ್ ನಾಲ್ಕು ಜನಕ್ಕೆ ಬಂದ್ರೆ ಸಾಕು ಕಣ್ರೋ, ಮಂಡಿ ಎಲ್ರಿಗೂ ಬೇಕು."

ಜನವರಿ ಬಂತೆಂದರೆ ಹತ್ತನೇ ಕ್ಲಾಸಿನ ಪಿ.ಟಿ. ಪೀರಿಯಡ್ ಗಣಿತಕ್ಕೆ ಹೋಗುವುದು ವಾಡಿಕೆ. ನಾವು ಹತ್ತರಲ್ಲಿದ್ದ ವರ್ಷವೂ ಗಣಿತದ ಕಮಲಾಕ್ಷಿ ಮಿಸ್ ರಿವಿಷನ್‌ಗೆಂದು ಕೇಳಲು ಬಂದರು. ನಾನು ಆಗಷ್ಟೇ ಅರ್ಧ ಏಳುವುದು ಕಲಿತಿದ್ದೆ. ಪೀರಿಯಡ್ ಹೋದರೆ ನನ್ನದು ಅಲ್ಲಿಗೇ ಮುಗಿಯಿತು. ಮೇಷ್ಟ್ರು ಜಗಳವಾಡಲಿಲ್ಲ.

"ತಗೊಳ್ಳಿ ಮೇಡಂ, ಪೂರ್ತಿ ನಿಮ್ಗೇ. ದಿನಾ ನಿಮ್ಮ ಪೀರಿಯಡ್‌ನಲ್ಲಿ ಮೊದಲ ಹತ್ತು ನಿಮಿಷ ನಂಗ್ ಕೊಡಿ. ಆಮೇಲೂ ಮಕ್ಕಳು ತೂಕಡಿಸಿದ್ರೆ ಅದನ್ನೂ ವಾಪಸ್ ತಗೊಂಡ್ಬಿಡಿ."

ಮಿಸ್ ಅವರದು ಊಟವಾದ ಮೇಲಿನ ಪೀರಿಯಡ್. ಅರ್ಧ ಕ್ಲಾಸು ಜೋಲಿ ಹೊಡೆಯುವುದು ಮೇಷ್ಟ್ರಿಗೆ ಗೊತ್ತಿತ್ತು. ಒಂದು ವಾರ ನೋಡೋಣವೆಂದು ಮಿಸ್ ಒಪ್ಪಿದರು. ಕಾರಿಡಾರಿನಲ್ಲೇ ಕೈಕಾಲು ಚಾಚಿದೆವು, ಕೂತೆವು, ಎದ್ದೆವು. ಎರಡನೇ ವಾರ ಮಿಸ್ ತಾವೇ ಸೆರಗು ಸಿಕ್ಕಿಸಿಕೊಂಡು ಕೊನೆಯ ಸಾಲಿನಲ್ಲಿ ನಿಂತರು. ಪರೀಕ್ಷೆಯವರೆಗೂ ಆ ಹತ್ತು ನಿಮಿಷ ಉಳಿಯಿತು. ಅಷ್ಟರಲ್ಲಿ ನಾನೂ ಎದ್ದೆ.

ಹೋದ ವರ್ಷ ಮೇಷ್ಟ್ರು ಅಂಗಡಿಗೆ ಡಬರಿ ಕೊಳ್ಳಲು ಬಂದರು. ಸ್ಟೂಲ್ ಹಾಕಿದರೂ ಬೇಡವೆಂದು ಚಾಪೆಯ ಮೇಲೇ ಕೂತರು. ಏಳುವಾಗ ಒಂದು ಕೈ ಊರಿದರು. ನಾನು ನೋಡಿದ್ದು ಅವರಿಗೆ ತಿಳಿಯಿತು.

"ಈ ವಯಸ್ಸಿಗೆ ಒಂದು ಕೈ ಡಿಸ್ಕೌಂಟ್ ಕೊಡಪ್ಪ."

ಕೊಟ್ಟೆ. ಡಬರಿಗೆ ಮಾತ್ರ ಅವರು ಒಂದು ರೂಪಾಯಿಯೂ ಬಿಡಿಸಿಕೊಳ್ಳಲಿಲ್ಲ. ಈ ಯುಗಾದಿಗೆ ಮುಂಚೆ ತೀರಿಕೊಂಡರು.

ಮಕ್ಕಳನ್ನು ಹೈಸ್ಕೂಲಿಗೆ ಸೇರಿಸುವವರಿಗೆ ಒಂದು ಮಾತು. ಆಫೀಸ್ ರೂಮಿನ ಬೀರುವಿನಲ್ಲಿರುವ ಕಪ್‌ಗಳನ್ನು ನೋಡಿ ಫೀಸು ಕಟ್ಟಬೇಡಿ. ಗೇಟಿನ ಹತ್ತಿರ ಹತ್ತನೇ ಕ್ಲಾಸಿನ ಮಕ್ಕಳು ಸಿಗುತ್ತಾರೆ. ಜನವರಿಯಲ್ಲಿ ನಿಮ್ಮ ಪಿ.ಟಿ. ಪೀರಿಯಡ್ ಯಾರು ತೆಗೆದುಕೊಳ್ಳುತ್ತಾರೆ ಎಂದು ವಿಚಾರಿಸಿ. ಗಣಿತದವರು ಅಂದರೆ, ಬದಲಿಗೆ ಏನು ಕೊಟ್ಟರು ಅಂತ ಅದನ್ನೂ ಕೇಳಿ.