ಆಪಾ ಮನೆಯ ಕ್ಯಾಲೆಂಡರಿನಲ್ಲಿ ನನ್ನ ಕೈಬರಹ

ದೆವ್ವ, ಗಾಳಿ, ಶಕುನ, ಮಾಟ ಇವುಗಳಲ್ಲಿ ಒಂದನ್ನೂ ನಾನು ನಂಬಿದವಳಲ್ಲ. ನಂಬುವವರನ್ನು ಕಂಡರೆ ಎದುರಿಗೇ ನಗುತ್ತಿದ್ದೆ. ಇಪ್ಪತ್ತಾರು ವರ್ಷದಿಂದ ಆರ್.ಟಿ. ನಗರದ ಒಂದು ಲ್ಯಾಬಿನಲ್ಲಿ ಜನರ ರಕ್ತ, ಮೂತ್ರ, ಮಲ ಪರೀಕ್ಷೆ ಮಾಡುವುದು ನನ್ನ ಕೆಲಸ. ಮೈಮೇಲೆ ದೇವರು ಬರುವವರದ್ದೂ ದೇವರೇ ಇಲ್ಲ ಎನ್ನುವವರದ್ದೂ ಸಣ್ಣ ಡಬ್ಬಿಯಲ್ಲಿ ಬಂದಾಗ ವಾಸನೆ ಒಂದೇ. ದಿನವೂ ಇದನ್ನು ನೋಡುವವಳಿಗೆ ಪವಾಡದ ಮೇಲೆ ನಂಬಿಕೆ ಹುಟ್ಟುವುದು ಕಷ್ಟ. ಈಗ ಹೇಳಲಿರುವುದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ. ಮೂರು ವರ್ಷದ ಹಿಂದಾಗಿದ್ದರೆ ನಿಮ್ಮ ಜೊತೆ ನಾನೂ ನಗುತ್ತಿದ್ದೆ.

ನಮ್ಮ ಕೆಲಸದ ಒಂದು ನಿಯಮವನ್ನು ಮೊದಲೇ ಹೇಳಿಬಿಡುತ್ತೇನೆ. ಕಣ್ಣಾರೆ ನೋಡದ್ದನ್ನು ರಿಜಿಸ್ಟರಿನಲ್ಲಿ ಬರೆಯಬಾರದು. ನೋಡುವುದು ತಪ್ಪಿಹೋಗಿದ್ದರೆ ಆ ಸಾಲನ್ನು ಖಾಲಿ ಬಿಡಬೇಕು, ಅಂದಾಜಿನ ಮೇಲೆ ತುಂಬಬಾರದು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ನಾನು ಮೊದಲ ದಿನ ಕಲಿಸುವುದು ಇದನ್ನೇ. ಖಾಲಿ ಸಾಲಿಗೆ ಬೈಗುಳ ಒಂದೇ ದಿನ, ಸುಳ್ಳು ಸಾಲಿಗೆ ಪಾಪ ಜನ್ಮವಿಡೀ ಎಂದು ಹೇಳುತ್ತೇನೆ.

ಇದು ನಡೆಯುವ ಎರಡು ವರ್ಷ ಮೊದಲು ನನ್ನ ಗಂಡ ತೀರಿಕೊಂಡರು. ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಅವರ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಹನ್ನೆರಡನೆಯ ದಿನ ಲ್ಯಾಬಿನಲ್ಲಿ ಇಬ್ಬರು ರಜೆ, ಎರಡು ಗಂಟೆಯ ಮಟ್ಟಿಗೆ ಬಂದು ಹೋಗಿ ಎಂದು ಫೋನ್ ಬಂತು. ನಾನು ಅನುಮಾನಿಸುತ್ತಿದ್ದಾಗ ಅವರೇ, ‘ಹೋಗಿ ಬಾ, ನಾ ಎಲ್ಲಿ ಓಡಿ ಹೊಕ್ಕೀನಿ’ ಎಂದರು. ಗದಗಿನ ಕಡೆಯ ಮಾತು ಅವರ ಬಾಯಿಂದ ಕೊನೆಯವರೆಗೂ ಹೋಗಿರಲಿಲ್ಲ. ನಾನು ಟ್ಯೂಬುಗಳಿಗೆ ಲೇಬಲ್ ಅಂಟಿಸುತ್ತಿದ್ದ ಹೊತ್ತಿನಲ್ಲಿ ಅವರು ಹೋದರು. ನೀರು ಕೇಳಿದರೋ, ನನ್ನನ್ನು ಕೇಳಿದರೋ, ಪಕ್ಕದಲ್ಲಿ ಯಾರಾದರೂ ಇದ್ದರೋ ಒಂದೂ ಗೊತ್ತಿಲ್ಲ. ಆ ಎರಡು ಗಂಟೆ ನನ್ನ ಪಾಲಿಗೆ ಖಾಲಿ ಸಾಲು. ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ದಂತವೈದ್ಯರು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಇರುತ್ತದಲ್ಲ, ಮುಟ್ಟಿದರೆ ಇದೆ ಎಂದು ಗೊತ್ತು, ಆದರೆ ನಮ್ಮದಲ್ಲ. ಹಾಗಿದ್ದೆ.

ಕೋಗಿಲಿನಲ್ಲಿ ನಾನಿರುವುದು ಮಹಡಿ ಮನೆಯಲ್ಲಿ. ಕೆಳಗೆ ಮನೆಯ ಒಡತಿ, ಬೀದಿಯವರೆಲ್ಲ ಆಪಾ ಎಂದು ಕರೆಯುವ ಅರವತ್ತೆಂಟು ವರ್ಷದ ಹೆಂಗಸು. ಮಗ ಟ್ಯಾಕ್ಸಿ ಓಡಿಸುತ್ತಾನೆ, ಸೊಸೆ ನಸ್ರೀನ್ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಹಗಲೆಲ್ಲ ಆಪಾ ಒಬ್ಬರೇ. ಅವರಿಗೆ ಸಕ್ಕರೆ ಕಾಯಿಲೆ, ಕಿಡ್ನಿಯೂ ಸ್ವಲ್ಪ ಸೋತಿದೆ. ಅದನ್ನು ಪರೀಕ್ಷೆಯಲ್ಲಿ ಕಂಡು ಮೊದಲು ಹೇಳಿದವಳು ನಾನೇ. ಮನೆಯಲ್ಲಿ ಅವರದ್ದು ಉರ್ದು, ನನ್ನ ಜೊತೆ ಕನ್ನಡ, ನನ್ನನ್ನು ಬೈಯುವಾಗ ಎರಡೂ.

ನನ್ನ ಮುಖ ನೋಡಿ ನೋಡಿ ಸಾಕಾದ ಸಹೋದ್ಯೋಗಿಗಳು ಒಂದು ಗುಂಪು ಪ್ರವಾಸಕ್ಕೆ ನನ್ನ ಹೆಸರನ್ನೂ ಸೇರಿಸಿದರು. ವಿಯೆಟ್ನಾಂ, ಆರು ದಿನ. ಬೇಕು ಎನ್ನಲೂ ಬೇಡ ಎನ್ನಲೂ ನನ್ನಲ್ಲಿ ಶಕ್ತಿ ಇರಲಿಲ್ಲ, ಹೊರಟೆ. ಪರದೇಶದ ಊಟ ಹೊಟ್ಟೆ ಕೆಡಿಸುತ್ತದೆ ಎಂಬ ಭಯ ಮಾತ್ರ ಚೆನ್ನಾಗಿತ್ತು. ಖಡಕ್ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡೆ. ಜೊತೆಗೆ ಹೋಳಿಗೆ. ನಮ್ಮ ಕಡೆ ಪ್ರಯಾಣಕ್ಕೆ ಶೇಂಗಾ ಹೋಳಿಗೆ ಮಾಡುವುದು ಪದ್ಧತಿ, ಹದಿನೈದು ದಿನ ಇಟ್ಟರೂ ಕೆಡುವುದಿಲ್ಲ. ಆದರೆ ಆಪಾಗೆ ಇಷ್ಟವಾದದ್ದು ಕಡಲೆಬೇಳೆ ಹೂರಣದ್ದು. ಹೇಗೂ ಅವರಿಗೂ ಕೊಡಬೇಕಲ್ಲ ಎಂದು ಅದನ್ನೇ ಮಾಡಿ, ವಿಮಾನದ ಗಡಿಬಿಡಿಯಲ್ಲಿ ಬಿಸಿ ಆರುವ ಮೊದಲೇ ಡಬ್ಬಿಗೆ ತುಂಬಿದೆ. ನಾಲ್ಕನ್ನು ಆಪಾ ಕೈಗಿಟ್ಟು, ದಿನಕ್ಕೆ ಅರ್ಧ ಮಾತ್ರ ಎಂದು ಷರತ್ತು ಹಾಕಿ, ಮನೆಯ ಬೀಗದ ಕೈಯನ್ನೂ ಕೊಟ್ಟು ಹೊರಟೆ.

ಹನೋಯಿಯಲ್ಲಿ ಬಾಟಲಿ ನೀರಿನಲ್ಲೇ ಹಲ್ಲುಜ್ಜಿದೆ. ಹೊರಗಿನ ಒಂದು ತುತ್ತನ್ನೂ ಬಾಯಿಗೆ ಹಾಕಲಿಲ್ಲ. ನನ್ನ ಜೊತೆ ಕೋಣೆಯಲ್ಲಿದ್ದವರು ಬ್ಯಾಟರಾಯನಪುರದ ಗಿರಿಜಮ್ಮ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಸಿಕ್ಕಿದ್ದನ್ನೆಲ್ಲ ತಿಂದು ಗುಂಡಗಿದ್ದ ಅವರು ನನ್ನ ಡಬ್ಬಿ ನೋಡಿ, ಊಟ ಬಲ್ಲವನಿಗೆ ರೋಗವಿಲ್ಲ ಅನ್ನೋದು ನಿಮಗೇ ಹೇಳಿದ್ದು ಮೇಡಂ ಎಂದು ಹೊಗಳಿದ್ದರು. ಮೂರನೆಯ ದಿನ ಬೆಳಿಗ್ಗೆ ಎದ್ದವಳೇ ಎರಡು ಹೋಳಿಗೆ ತಿಂದೆ. ಒಂಬತ್ತೂವರೆಗೆ ಶುರುವಾಯಿತು. ವಾಂತಿ, ಭೇದಿ, ಮತ್ತೆ ವಾಂತಿ. ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ಇಷ್ಟು ಅಕ್ಷರಶಃ ನಿಜವಾಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗುಂಪಿನವರಿಗೆ ಅವತ್ತು ದೋಣಿ ವಿಹಾರವಿತ್ತು. ಗಿರಿಜಮ್ಮ ಉಳಿಯುತ್ತೇನೆಂದರು, ನಾನೇ ಒತ್ತಾಯ ಮಾಡಿ ಕಳಿಸಿದೆ. ಬಚ್ಚಲುಮನೆಯ ನೆಲದ ಮೇಲೆ, ತಣ್ಣನೆಯ ಟೈಲ್ಸ್‌ಗೆ ಬೆನ್ನು ಕೊಟ್ಟು ಕೂತೆ. ಕೆಲಸದ ಚಟ ಬಿಡುವುದಿಲ್ಲ. ಹೋಟೆಲಿನ ನೋಟ್‌ಪ್ಯಾಡಿನಲ್ಲಿ, ಅಲ್ಲಿನ ಸಮಯಕ್ಕೆ ತಿರುಗಿಸಿಟ್ಟಿದ್ದ ಕೈಗಡಿಯಾರ ನೋಡಿಕೊಂಡು ಬರೆಯುತ್ತಾ ಹೋದೆ. 0940 ವಾಂತಿ. 1005 ಭೇದಿ. 1020 ಓಆರ್‌ಎಸ್ 100 ಎಂಎಲ್. ತಂದಿದ್ದ ಎರಡು ಪೊಟ್ಟಣವೂ ಒಂದು ಗಂಟೆಯ ಹೊತ್ತಿಗೆ ಮುಗಿದವು. 1310 ಕಾಲು ಸೆಳೆತ, ಬಾಯಿ ಒಣಗಿದೆ ಎಂದು ಬರೆದೆ. ಸತ್ತರೆ ಇಲ್ಲೇ ಎಂದು ಅನ್ನಿಸಿದ್ದು ನೆನಪಿದೆ. ಹೆದರಿಕೆ ಆಗಲಿಲ್ಲ ಎನ್ನುವುದೂ ನೆನಪಿದೆ.

ಅದರ ಮುಂದಿನ ಸಾಲು 1720. ಮಂಚದ ತುದಿಯಲ್ಲಿ ಕೂತಿದ್ದೆ. ಪೆನ್ನು ಕೈಯಲ್ಲಿತ್ತು. ಹೊಟ್ಟೆ ಶಾಂತವಾಗಿತ್ತು, ನಾಲಿಗೆ ಒದ್ದೆಯಾಗಿತ್ತು. ನಡುವಿನ ನಾಲ್ಕು ಗಂಟೆ ಏನಾಯಿತು, ಮಂಚಕ್ಕೆ ಯಾವಾಗ ಬಂದೆ ಒಂದೂ ಗೊತ್ತಿಲ್ಲ. ಕನಸು ಬಿತ್ತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಬೀಳಲಿಲ್ಲ. ದೋಣಿಯಿಂದ ಎರಡು ಸಲ ಫೋನ್ ಮಾಡಿದರೂ ಎತ್ತಲಿಲ್ಲ ಎಂದು ಗಿರಿಜಮ್ಮ ಆಮೇಲೆ ಗದರಿದರು. ಸುಸ್ತಾಗಿ ನಿದ್ದೆ ಹೋಗಿರಬೇಕು ಎಂದುಕೊಂಡೆ. ಪ್ಯಾಡಿನಲ್ಲಿ ನಡುವೆ ನಾಲ್ಕು ಬೆರಳು ಜಾಗ ಖಾಲಿ ಬಿಟ್ಟೆ, ಅಷ್ಟೇ. ಉಳಿದ ದಿನ ಅನ್ನದ ಗಂಜಿ ಕುಡಿದುಕೊಂಡು ಎಲ್ಲರ ಹಿಂದೆ ನಡೆದೆ.

ಊರಿಗೆ ಬಂದ ದಿನ ಬಾಗಿಲು ತೆಗೆದವಳು ನಸ್ರೀನ್. ರಜೆ ಹಾಕಿ ಮನೆಯಲ್ಲಿದ್ದಳು. ನಾನು ಹೊಟ್ಟೆ ಕೆಟ್ಟು ಬಿದ್ದಿದ್ದ ಅದೇ ದಿನ ಆಪಾಗೂ ವಾಂತಿ ಭೇದಿಯಾಗಿ, ಜ್ವರ ಬಂದು, ಎದ್ದು ಕೂರಲಾರದಂತಾಗಿತ್ತಂತೆ. ಫ್ರಿಜ್ಜಿಗಿಟ್ಟರೆ ಗಟ್ಟಿಯಾಗುತ್ತದೆಂದು ಹೊರಗೇ ಇಟ್ಟಿದ್ದ ಹೋಳಿಗೆ, ಷರತ್ತಿನ ಪ್ರಕಾರ ದಿನಕ್ಕೆ ಅರ್ಧ. ಇಲ್ಲಿಯವರೆಗಿನದ್ದು ಸರಳ ವಿಜ್ಞಾನ. ನನ್ನ ಕೈಯಡುಗೆಯೇ ಇಬ್ಬರನ್ನೂ ಕೆಡವಿತ್ತು, ಒಬ್ಬರನ್ನು ಕೊಂದೇ ಬಿಡುತ್ತಿತ್ತು. ಬೀದಿಯ ಡಾಕ್ಟರು ನಸ್ರೀನ್‌ಗೆ ಹೇಳಿದ್ದರಂತೆ, ಈ ಕಿಡ್ನಿ ಇಟ್ಟುಕೊಂಡು ಮಧ್ಯಾಹ್ನವೆಲ್ಲ ನೀರಿಲ್ಲದೆ ಬಿದ್ದಿದ್ದರೆ ಉಳಿಯುತ್ತಿರಲಿಲ್ಲ, ಯಾರೋ ತಿಳಿದವರು ಗುಟುಕು ಗುಟುಕಾಗಿ ಕುಡಿಸಿದ್ದಾರೆ, ಒಳ್ಳೆಯದಾಯಿತು ಎಂದು.

ಯಾರು ಕುಡಿಸಿದ್ದು ಎಂದು ಕೇಳಿದೆ. ನಸ್ರೀನ್ ಅತ್ತೆಯ ಕಡೆ ನೋಡಿದಳು. ಆಪಾ ಗೋಡೆಗೆ ದಿಂಬು ಕೊಟ್ಟು ಕೂತಿದ್ದರು, ಮುಖ ಅರ್ಧವಾಗಿತ್ತು.

‘ನೀನೇ ಬಂದಿದ್ದೆಯಲ್ಲಮ್ಮ’ ಎಂದರು. ‘ಕಾಲ ಹತ್ರ ಕೂತ್ಕೊಂಡೆ. ಉಪ್ಪು ಸಕ್ಕರೆ ನೀರು ಮಾಡಿ ಚಮಚದಲ್ಲಿ ಕುಡಿಸ್ದೆ. ಒಂದು ಮಾತೂ ಆಡ್ಲಿಲ್ಲ, ಗಡಿಯಾರ ನೋಡೋದು, ಬರೆಯೋದು. ನಿಂಗೂ ಹೊಟ್ಟೆ ಸರಿ ಇಲ್ಲ ಅಂತ ಮುಖ ನೋಡಿದ್ರೇ ಗೊತ್ತಾಯ್ತು. ನೀನೂ ಕುಡಿ ಅಂತ ನಾನಂದೆ. ನೀನು ಕುಡಿದೆ.’

ನಾನು ಆ ದೇಶದಲ್ಲಿದ್ದೆ ಆಪಾ, ಪಾಸ್‌ಪೋರ್ಟಿನಲ್ಲಿ ಮುದ್ರೆ ಇದೆ ಎಂದೆ. ವಿಮಾನದಲ್ಲಿ ಹೋದವಳು ಹೇಗೆ ಬಂದಳು ಎಂದು ಆಗ ನಿಮಗೆ ಅನುಮಾನ ಬರಲಿಲ್ಲವೇ ಎಂದೂ ಕೇಳಿದೆ.

‘ಹೊಟ್ಟೆ ಕೆಟ್ರೆ ಯಾರಾದ್ರೂ ಮನೆಗೇ ತಾನೆ ಬರೋದು’ ಎಂದರು ಆಪಾ.

ಜ್ವರದ ತಲೆ, ಏನೋ ಕಂಡಿದ್ದಾರೆ ಎಂದು ನಗಲು ಹೊರಟೆ. ಆಗ ನಸ್ರೀನ್ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ತೋರಿಸಿದಳು. ಗ್ಯಾಸ್ ಸಿಲಿಂಡರಿನ ದಿನಾಂಕ ಗುರುತು ಹಾಕಲು ಅದಕ್ಕೊಂದು ಪೆನ್ಸಿಲನ್ನು ದಾರದಲ್ಲಿ ಕಟ್ಟಿರುತ್ತಾರೆ. ತಿಂಗಳ ಹಾಳೆಯ ಕೆಳಗಿನ ಬಿಳಿ ಜಾಗದಲ್ಲಿ ಪೆನ್ಸಿಲಿನ ಒಂದು ಪಟ್ಟಿ. 1330 – 50. 1345 – 50. 1410 – ವಾಂತಿ. 1430 – 75. ಹೀಗೆ ಹದಿಮೂರು ಸಾಲು. ಕೊನೆಯದು 1650 – ನಿದ್ದೆ. ಒಂದಕ್ಕೂ ಏಳಕ್ಕೂ ಗೊಂದಲವಾಗದಿರಲಿ ಎಂದು ಲ್ಯಾಬಿನಲ್ಲಿ ನಾನು ಏಳರ ಸೊಂಟಕ್ಕೆ ಅಡ್ಡಗೆರೆ ಎಳೆಯುತ್ತೇನೆ. ಇಲ್ಲಿಯೂ ಎಳೆದಿತ್ತು.

ಆಪಾಗೆ ಹಿಂದೊಮ್ಮೆ ಕಾಮಾಲೆಯಾದಾಗ ಇಂಥದ್ದೇ ಪಟ್ಟಿ ಬರೆದು ಅಂಟಿಸಿದ್ದೆ. ಅದನ್ನು ನೋಡಿ ಕಲಿತು, ಜ್ವರದಲ್ಲಿ ತಾವೇ ನೀರು ಮಾಡಿ ಕುಡಿದು, ತಾವೇ ಬರೆದಿರಬೇಕು. ಹಾಗೆಂದು ನಸ್ರೀನ್‌ಗೆ ಹೇಳಿದೆ. ಅವಳೂ ಮೊದಲು ಹಾಗೇ ಅಂದುಕೊಂಡಿದ್ದಳಂತೆ.

‘ಆದ್ರೆ ಆಂಟಿ, ನಾನು ಪರ್ಮಿಷನ್ ತಗೊಂಡು ಮೂರೂ ಮುಕ್ಕಾಲಿಗೇ ಬಂದ್ಬಿಟ್ಟೆ’ ಎಂದಳು. ‘ಬೆಳಿಗ್ಗೆ ಹೊರಗಿಂದ ಹಾಕ್ಕೊಂಡು ಹೋಗಿದ್ದ ಬೀಗ ನಾನೇ ತೆಗ್ದಿದ್ದು. ಅಷ್ಟೊತ್ತಿಗೆ ಇದೆಲ್ಲ ಬರೆದಾಗಿತ್ತು. ನಾಲ್ಕು ಐವತ್ತು ಇನ್ನೂ ಆಗೇ ಇರ್ಲಿಲ್ಲ.’

ಊಟದ ಬಿಡುವಿನಲ್ಲಿ ಅವಳು ಅತ್ತೆಗೆ ಫೋನ್ ಮಾಡಿದ್ದಳು. ಈಗ ತಾನೆ ವಾಂತಿ ಆಯಿತು, ಮೇಲಿನ ಮನೆಯವಳು ಪಕ್ಕದಲ್ಲೇ ಇದ್ದಾಳೆ, ನೀನು ಗಾಬರಿಯಾಗಬೇಡ ಎಂದಿದ್ದರಂತೆ ಆಪಾ. ಮೇಲಿನ ಮನೆಯವಳು ವಿಯೆಟ್ನಾಮಿನಲ್ಲಿರುವುದು ಗೊತ್ತಿದ್ದ ನಸ್ರೀನ್ ಗಾಬರಿಯಾದದ್ದೇ ಅದಕ್ಕೆ, ಎರಡು ಗಂಟೆ ಕಾಡಿ ಪರ್ಮಿಷನ್ ಪಡೆದು ಓಡಿಬಂದದ್ದೂ ಅದಕ್ಕೆ. ಆ ಕರೆ ಅವಳ ಫೋನಿನಲ್ಲಿ ಇನ್ನೂ ಇತ್ತು. ಹನ್ನೆರಡು ನಲವತ್ತು. ಗೋಡೆಯ ಮೇಲೆ ವಾಂತಿಯ ಸಾಲು 1410. ನಾನು ಬೆರಳು ಮಡಚಿ ಲೆಕ್ಕ ಹಾಕಲಿಲ್ಲ, ಹಾಕಬೇಕಾಗಿರಲಿಲ್ಲ. ಹನೋಯಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ.

ಮೇಲೆ ಹೋಗಿ ಸೂಟ್‌ಕೇಸಿನಿಂದ ನೋಟ್‌ಪ್ಯಾಡ್ ತೆಗೆದೆ. 1310. ನಾಲ್ಕು ಬೆರಳು ಖಾಲಿ. 1720. ಕೆಳಗಿನ ಹದಿಮೂರು ಸಾಲೂ ಅದರೊಳಗೆ ಕೂರುತ್ತಿದ್ದವು. ಎದೆ ಹೊಡೆದುಕೊಳ್ಳಬೇಕಿತ್ತು, ಹೊಡೆದುಕೊಳ್ಳಲಿಲ್ಲ. ನೀರು ಕಾಯಿಸಿ ಸ್ನಾನ ಮಾಡಿದೆ. ಉಳಿದಿದ್ದ ಹೋಳಿಗೆಯನ್ನು ಡಬ್ಬಿ ಸಮೇತ ಎಸೆದೆ.

ಆಪಾ ಚೇತರಿಸಿಕೊಂಡರು. ಎಷ್ಟೋ ದಿನದ ಮೇಲೆ ಒಂದು ಮಧ್ಯಾಹ್ನ ಅವರ ಕಾಲ ಹತ್ತಿರ ಕೂತಿದ್ದಾಗ, ನಿಮ್ಮ ಹತ್ತಿರ ಬಂದವಳು ನಾನಲ್ಲ ಆಪಾ ಎಂದು ಮತ್ತೆ ಹೇಳಿದೆ. ಇರಬೇಕಾದ ಹೊತ್ತಿನಲ್ಲಿ ಗಂಡನ ಹತ್ತಿರವೇ ಇರದವಳು ನಾನು, ಅಷ್ಟು ದೂರದಿಂದ ನಿಮ್ಮ ಹತ್ತಿರ ಹೇಗೆ ಬರಲಿ ಎಂದೆ. ಆ ಮಾತನ್ನು ಅಲ್ಲಿಯವರೆಗೆ ಯಾರ ಮುಂದೆಯೂ ಆಡಿರಲಿಲ್ಲ. ಆಪಾ ತಸ್ಬಿಯ ಮಣಿ ಎಣಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

‘ನನ್ನ ಹತ್ರ ಬಂದಿದ್ದು ನಿಂಗೆ ಗೊತ್ತಾಯ್ತಾ? ಇಲ್ಲ ತಾನೆ? ಹಂಗೇ ಅವರ ಹತ್ರಾನೂ ಹೋಗಿದ್ದೆಯೇನೋ. ನಿಂಗೇನಮ್ಮ ಗೊತ್ತು?’

ಆಗಲೂ ಅಳು ಬರಲಿಲ್ಲ. ಆದರೆ ಎದ್ದು ಬರಲು ಆಗಲಿಲ್ಲ, ಬಹಳ ಹೊತ್ತು ಅವರ ಪಾದ ಹಿಡಿದುಕೊಂಡು ಕೂತೇ ಇದ್ದೆ.

ಇದಕ್ಕೆ ಏನಾದರೂ ವಿವರಣೆ ಇದೆಯೇ ಎಂದು ನನ್ನನ್ನು ಕೇಳಬೇಡಿ. ನನಗೆ ತೋಚಿದ್ದನ್ನೆಲ್ಲ ಪರೀಕ್ಷಿಸಿ ಆಗಿದೆ. ಆಪಾ ಮನೆಯ ಗೋಡೆ ಗಡಿಯಾರ ಸರಿಯಾಗಿದೆ. ಜ್ವರದಲ್ಲಿ ಬರೆದ ಸಮಯ ತಪ್ಪಬಹುದು, ಆದರೆ ಸರಿಯಾಗಿ ಒಂದೂವರೆ ಗಂಟೆಯೇ ತಪ್ಪಬೇಕೇ? ಕಾಕತಾಳೀಯ ಎಂದು ಬರೆದುಬಿಡಬಹುದು. ಹಾಗೆ ಬರೆಯಲು ಎಷ್ಟೋ ಸಲ ಕೂತಿದ್ದೇನೆ.

ಬರೆದದ್ದು ಬೇರೆ. ಆಪಾ ಪಾದ ಹಿಡಿದು ಕೂತಿದ್ದ ದಿನ ಕೆಳಗಿನಿಂದ ಬಂದವಳೇ ನೋಟ್‌ಪ್ಯಾಡ್ ತೆಗೆದು, 1310ಕ್ಕೂ 1720ಕ್ಕೂ ನಡುವಿನ ಖಾಲಿ ಜಾಗದಲ್ಲಿ, ಆಪಾ ಹತ್ತಿರ ಇದ್ದೆ ಎಂದು ಬರೆದೆ. ಇಪ್ಪತ್ತಾರು ವರ್ಷದಲ್ಲಿ ಕಣ್ಣಾರೆ ನೋಡದೆ ನಾನು ತುಂಬಿದ ಸಾಲು ಅದೊಂದೇ. ಅದರ ಕೆಳಗೆ ಇನ್ನೊಂದು ಸಾಲಿಗೆ ಜಾಗವಿದೆ. ಹೆಬ್ಬಾಳದ ಆ ಎರಡು ಗಂಟೆಯ ಸಾಲು. ಕೆಲವು ದಿನ ಪೆನ್ನು ತೆಗೆದುಕೊಂಡು ಕೂರುತ್ತೇನೆ. ಇನ್ನೂ ಬರೆದಿಲ್ಲ.